ಪಹಣಿ, ಗಣಕಯಂತ್ರ ಮತ್ತು ನಮ್ಮ ಕುಟುಂಬಗಳು

ಒಕ್ಕಲುತನವನ್ನೇ ನಂಬಿ ಬಾಳುವ ಕುಟುಂಬಕ್ಕೆ ಪಹಣಿಯೆಂಬ ಒಂದು ಹಾಳೆ ಎಷ್ಟು ಮುಖ್ಯವೆಂಬುದನ್ನು ನಮ್ಮ ಓದುಗ ಬಂಧುಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಹಕಾರ ಸಂಘದಲ್ಲಿ ಬೆಳೆಸಾಲ ಪಡೆಯಬೇಕಾದರೂ, ಅತಿವೃಷ್ಟಿ ಅನಾವೃಷ್ಟಿಗಳ ಪರಿಹಾರಧನ ಕೈಸೇರಬೇಕಾದರೂ, ಆಪತ್ಕಾಲದಲ್ಲಿ ಒಂದಿಷ್ಟು ಜಮೀನನ್ನು ಆಧಾರ ಮಾಡಬೇಕಾದರೂ ಮೊದಲು ಕೇಳುವುದು ಪಹಣಿಯನ್ನೇ. ಸರ್ಕಾರದ ಆಡಳಿತದಲ್ಲಿ ಮಾಹಿತಿ ತಂತ್ರಜ್ಞಾನದ ಪಾತ್ರವೇನು ಎಂಬ ಪ್ರಶ್ನೆ ನಗರದ ವಿದ್ವಾಂಸರ ಚರ್ಚೆಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ನಮ್ಮ ನಾಡಿನಲ್ಲಿ ಆ ಪ್ರಶ್ನೆಗೆ ದೊರೆತ ಮೊದಲ ದೊಡ್ಡ ಉತ್ತರ ಈ ಪಹಣಿಯ ಹಾಳೆಯಲ್ಲಿಯೇ ಇದೆ. ಆ ಉತ್ತರದ ಅರ್ಧಭಾಗವನ್ನು ಸರ್ಕಾರ ಬರೆದಿದೆ. ಉಳಿದರ್ಧವನ್ನು ಬರೆಯಬೇಕಾದವರು ನಾವು, ಅಂದರೆ ಮನೆಯ ಹಿರಿಯರು ಮತ್ತು ಮಕ್ಕಳು. ಈ ಲೇಖನದಲ್ಲಿ ಆ ಎರಡು ಭಾಗಗಳನ್ನೂ ಪರಿಶೀಲಿಸೋಣ.

ಶ್ಯಾನುಭೋಗರ ಕಡತದಿಂದ ಗಣಕಯಂತ್ರಕ್ಕೆ

ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಜಮೀನಿನ ಲೆಕ್ಕವೆಲ್ಲ ವಂಶಪಾರಂಪರ್ಯವಾಗಿ ಶ್ಯಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು 1963ರಲ್ಲಿ ಜಾರಿಗೆ ಬಂದ ಮೇಲೆ ಆ ಪದ್ಧತಿ ಕೊನೆಗೊಂಡು, ಸಂಬಳ ಪಡೆಯುವ ಗ್ರಾಮಲೆಕ್ಕಿಗರು ಬಂದರು. ಅವರನ್ನೇ ಇಂದು ಗ್ರಾಮ ಆಡಳಿತಾಧಿಕಾರಿಗಳೆಂದು ಕರೆಯಲಾಗುತ್ತಿದೆ. 1964ರ ಭೂಕಂದಾಯ ಕಾನೂನು ಪಹಣಿಗೂ ಹಕ್ಕು ಬದಲಾವಣೆಯ ವಹಿಗೂ ಒಂದು ಕ್ರಮವನ್ನು ವಿಧಿಸಿತು. ಕ್ರಮವೇನೋ ಒಳ್ಳೆಯದೇ. ಆದರೆ ವಹಿಗಳು ಮಾತ್ರ ಮೊದಲಿನಂತೆ ಒಬ್ಬರ ಕೈಚೀಲದಲ್ಲಿಯೇ ಉಳಿದವು. ಒಬ್ಬೊಬ್ಬ ಲೆಕ್ಕಿಗರಿಗೆ ಮೂರು ನಾಲ್ಕು ಗ್ರಾಮಗಳು. ಅವರು ಇಂದು ಯಾವ ಊರಿನಲ್ಲಿರುವರೆಂದು ರೈತನಿಗೆ ತಿಳಿಯದು. ಒಂದು ನಕಲಿಗಾಗಿ ದಿನಗಟ್ಟಲೆ ಅಲೆಯುವುದು, ಕೈಬೆಚ್ಚಗೆ ಮಾಡುವುದು, ಬರೆಹದ ತಿದ್ದುಪಡಿಗಳ ಬಗೆಗೆ ಅನುಮಾನಪಡುವುದು, ಇವೆಲ್ಲ ನಮ್ಮ ಹಿರಿಯರ ನಿತ್ಯದ ಅನುಭವವಾಗಿದ್ದವು.

ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 1988-89ರಲ್ಲಿಯೇ ಆರಂಭಿಸಿತ್ತು. ಕರ್ನಾಟಕದಲ್ಲಿ ಅದು ಜನರ ಕೈಗೆಟುಕುವ ರೂಪ ಪಡೆದದ್ದು ಶ್ರೀ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ‘ಭೂಮಿ’ ಎಂಬ ಹೆಸರಿನಿಂದ. ಕಂದಾಯ ಇಲಾಖೆಯ ಅಧಿಕಾರಿ ಶ್ರೀ ರಾಜೀವ್ ಚಾವ್ಲಾ ಅವರು ಇದರ ಮುಂದಾಳಾಗಿದ್ದರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ತಂತ್ರಾಂಶವನ್ನು ಸಿದ್ಧಪಡಿಸಿದರು. 2002ರ ವೇಳೆಗೆ ರಾಜ್ಯದ ತಾಲ್ಲೂಕುಗಳಲ್ಲೆಲ್ಲ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನೇರಿದ್ದವು. ಕೈಬರೆಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ನಿಂತ ನಿಲುವಿನಲ್ಲಿ ಅಚ್ಚಾದ ಪಹಣಿ ದೊರೆಯತೊಡಗಿತು.

ಈ ಬದಲಾವಣೆಯಲ್ಲಿ ಗಮನಿಸಬೇಕಾದ ನಾಲ್ಕು ಅಂಶಗಳಿವೆ. ದಾಖಲೆಯನ್ನು ತಿದ್ದುವ ನೌಕರರು ಬೆರಳಚ್ಚು ಕೊಟ್ಟಲ್ಲದೆ ಯಂತ್ರ ತೆರೆಯದಂತೆ ಏರ್ಪಾಡಾಯಿತು. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದು ಅಳಿಸಲಾಗದಂತೆ ಉಳಿಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂಬ ನಿಯಮ ಬಂದಿತು. ಯಂತ್ರದ ಒಂದು ಪರದೆಯನ್ನು ಅರ್ಜಿದಾರರ ಕಡೆಗೂ ತಿರುಗಿಸಿಡಲಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಆ ಕಾಲದಲ್ಲಿ ನಡೆಸಿದ ಸಮೀಕ್ಷೆಯಂತೆ, ಹಳೆಯ ಪದ್ಧತಿಯಲ್ಲಿ ಲಂಚ ಕೊಡಬೇಕಾಗುತ್ತಿತ್ತೆಂದು ಹೇಳಿದವರು ಮೂವರಲ್ಲಿ ಸುಮಾರು ಇಬ್ಬರು. ಹೊಸ ಕೇಂದ್ರಗಳಲ್ಲಿ ಹಾಗೆಂದವರು ನೂರಕ್ಕೆ ಮೂವರ ಆಸುಪಾಸು.

ತಾಲ್ಲೂಕಿನಿಂದ ಹೋಬಳಿಗೆ

ಈ ಕಾರ್ಯದಲ್ಲಿ ನಮ್ಮ ಮಂಡ್ಯ ಜಿಲ್ಲೆಗೆ ಒಂದು ಹೆಮ್ಮೆಯ ಸ್ಥಾನವಿದೆ. ‘ಭೂಮಿ’ಯ ಆರಂಭದ ಪ್ರಯೋಗ ನಡೆದ ಸ್ಥಳಗಳಲ್ಲಿ ಮದ್ದೂರು ತಾಲ್ಲೂಕು ಒಂದು. ಅದರ ನೆರೆಯ ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ ಕಿರುಗಾವಲು. ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಈ ಊರು, ನೂರಾರು ದೇಸಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದ ಊರೆಂದು ಪ್ರಸಿದ್ಧವಾಗಿದೆ. ಭತ್ತ, ಕಬ್ಬು, ಹಿಪ್ಪುನೇರಳೆಗಳ ಈ ಸೀಮೆಯಲ್ಲಿ ಹಿಡುವಳಿಗಳು ಸಣ್ಣವು. ಎಕರೆಗಿಂತ ಗುಂಟೆಯ ಲೆಕ್ಕವೇ ಹೆಚ್ಚು. ಇಂಥ ಕಡೆಯಲ್ಲಿ ಪಹಣಿಯ ಒಂದು ಸಾಲು ತಪ್ಪಿದರೂ ಒಂದು ಮನೆಯ ಅನ್ನಕ್ಕೆ ಕಲ್ಲು ಬಿದ್ದಂತೆಯೇ ಸರಿ.

ಮೊದಲು ತಾಲ್ಲೂಕು ಕೇಂದ್ರದಲ್ಲಿ ಮಾತ್ರವಿದ್ದ ಸೌಲಭ್ಯ ಕ್ರಮೇಣ ಹೋಬಳಿಗೆ ಇಳಿದುಬಂದಿತು. 2012ರ ಏಪ್ರಿಲ್ 2ರಿಂದ ‘ಸಕಾಲ’ ಕಾನೂನು ಜಾರಿಗೆ ಬಂದು, ಅರ್ಜಿಗೆ ಗೊತ್ತಾದ ದಿನಗಳೊಳಗೆ ಉತ್ತರ ಪಡೆಯುವುದು ಪ್ರಜೆಯ ಹಕ್ಕಾಯಿತು. ಅದೇ ವರ್ಷ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭವಾದವು. 2022ರಲ್ಲಿ ‘ಗ್ರಾಮ ಒನ್’ ಕೇಂದ್ರಗಳು ಹಳ್ಳಿಗಳಿಗೇ ಬಂದವು. ನೋಂದಣಿ ಇಲಾಖೆಯ ‘ಕಾವೇರಿ’ ವ್ಯವಸ್ಥೆಗೂ ‘ಭೂಮಿ’ಗೂ ಸಂಪರ್ಕ ಏರ್ಪಟ್ಟು, ಕ್ರಯಪತ್ರ ನೋಂದಣಿಯಾದೊಡನೆ ಖಾತೆ ಬದಲಾವಣೆಗೆ ಮಾಹಿತಿ ತಾನಾಗಿಯೇ ಹೋಗುವಂತಾಯಿತು. ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಹತ್ತಾರು ಬಾರಿ ಹತ್ತಿದವರಿಗೆ ಇದರ ಬೆಲೆ ತಿಳಿದೀತು.

ಯಂತ್ರಕ್ಕೆ ತಿಳಿಯದ ಸಾವು

ಇಷ್ಟೆಲ್ಲ ಆದ ಮೇಲೂ ನಮ್ಮ ಅನೇಕ ಕುಟುಂಬಗಳಿಗೆ ಪಹಣಿಯಿಂದ ದೊರೆಯಬೇಕಾದ ಪ್ರಯೋಜನ ದೊರೆಯುತ್ತಿಲ್ಲ. ಇದಕ್ಕೆ ಕಾರಣ ಕಚೇರಿಯೊಂದೇ ಅಲ್ಲ. ಯಂತ್ರ ತನ್ನೊಳಗೆ ಏರಿಸಿದ್ದನ್ನು ಅಚ್ಚು ಮಾಡಿ ಕೊಡುತ್ತದೆ. ಏರಿಸದೆ ಇದ್ದುದನ್ನು ಅದು ಅರಿಯದು. ಮನೆಯ ಹಿರಿಯರು ಲಿಂಗೈಕ್ಯರಾದ ಸಂಗತಿ ಊರಿಗೆಲ್ಲ ತಿಳಿದಿರುತ್ತದೆ. ಪಹಣಿಗೆ ಮಾತ್ರ ತಿಳಿದಿರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷಗಳಾದರೂ ಒಂಬತ್ತನೆಯ ಅಂಕಣದಲ್ಲಿ ಅಜ್ಜನ ಹೆಸರೇ ನಿಂತಿರುತ್ತದೆ. 2024ರಿಂದ ಪಹಣಿಗಳಿಗೆ ಆಧಾರ್ ಜೋಡಿಸುವ ಕಾರ್ಯ ನಡೆದಾಗ, ಮೃತರ ಹೆಸರಿನಲ್ಲಿಯೇ ಉಳಿದ ಜಮೀನುಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆಯೆಂಬುದು ಬೆಳಕಿಗೆ ಬಂದಿತು. ಆ ಮೇಲೆ ಕಂದಾಯ ಇಲಾಖೆ ಪೌತಿ ಖಾತೆಯ ಆಂದೋಲನವನ್ನೇ ಕೈಗೊಳ್ಳಬೇಕಾಯಿತು. ಪೌತಿಯೆಂದರೆ ಮರಣ, ಮೃತರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಪೌತಿ ಖಾತೆ.

ಇದರಿಂದಾಗುವ ನಷ್ಟವನ್ನು ಒಂದು ಉದಾಹರಣೆಯಿಂದ ನೋಡೋಣ. ಕಿರುಗಾವಲು ಹೋಬಳಿಯ ಒಂದು ಮನೆಯಲ್ಲಿ ಹಿರಿಯರ ಸ್ವಯಾರ್ಜಿತವಾದ 3 ಎಕರೆ ಜಮೀನಿದೆಯೆಂದು ಭಾವಿಸೋಣ. ಪತ್ನಿ ಮೊದಲೇ ತೀರಿಕೊಂಡಿದ್ದಾರೆ. ಉಯಿಲು ಬರೆಯದೆ ಹಿರಿಯರೂ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಕೆಲವು ವರ್ಷಗಳ ಮೇಲೆ ಕಿರಿಯ ಮಗನೂ ಪತ್ನಿಯನ್ನೂ ಎಳೆಯ ಮಕ್ಕಳನ್ನೂ ಬಿಟ್ಟು ಅಗಲಿದನು. ಕಾನೂನಿನಂತೆ ಹಿರಿಯ ಮಗನಿಗೆ ಒಂದು ಎಕರೆ, ಮಗಳಿಗೆ ಒಂದು ಎಕರೆ, ಕಿರಿಯ ಮಗನ ಪತ್ನಿಗೂ ಮಕ್ಕಳಿಗೂ ಸೇರಿ ಒಂದು ಎಕರೆ. ಆದರೆ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಆ ವಿಧವೆ ಗದ್ದೆಯಲ್ಲಿ ನಾಟಿ ಮಾಡಿ ಬೆಳೆ ತೆಗೆಯುತ್ತಿದ್ದರೂ ಆಕೆಯ ಹೆಸರಿಗೆ ಬೆಳೆಸಾಲವಿಲ್ಲ. ಬೆಳೆ ಹಾಳಾದರೆ ಪರಿಹಾರವಿಲ್ಲ. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿಯೂ ಇಲ್ಲ. ಹಿಂದೆ ಪರಿಹಾರದ ಹಣ ಕೈಯಿಂದ ಕೈಗೆ ಬರುತ್ತಿದ್ದಾಗ, ಊರಿನವರು ಬಲ್ಲವರೆಂದು ಅಧಿಕಾರಿ ಒಂದು ಮಾತು ಕೇಳಿ ಕೊಡುವುದಿತ್ತು. ಇಂದು ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಪಹಣಿಯ ಹೆಸರು, ಆಧಾರದ ಹೆಸರು, ಬ್ಯಾಂಕಿನ ಹೆಸರು ಮೂರೂ ಒಂದಕ್ಕೊಂದು ಹೊಂದದಿದ್ದರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೆ ದಾಕ್ಷಿಣ್ಯವೂ ಇಲ್ಲ, ಕರುಣೆಯೂ ಇಲ್ಲ.

ಹೆಣ್ಣುಮಕ್ಕಳ ಹೆಸರು

ಪೌತಿ ಖಾತೆ ನಿಂತುಹೋಗಲು ಬಹುಪಾಲು ಕಾರಣ ಮನೆಯೊಳಗಿನ ಒಂದು ಅಂಜಿಕೆ. ವಂಶವೃಕ್ಷ ಬರೆಸಿದರೆ ಅಕ್ಕತಂಗಿಯರ ಹೆಸರನ್ನೂ ಬರೆಸಬೇಕಾಗುತ್ತದೆ ಎಂಬುದೇ ಆ ಅಂಜಿಕೆ. ಆದ್ದರಿಂದ ಅಜ್ಜನ ಹೆಸರೇ ಇರಲಿ ಎಂದು ಸುಮ್ಮನಾಗುತ್ತಾರೆ. ಕೆಲವರು ಹೆಣ್ಣುಮಕ್ಕಳನ್ನು ಬಿಟ್ಟು ವಂಶವೃಕ್ಷ ಬರೆಸುವ ಸಾಹಸಕ್ಕೂ ಇಳಿಯುತ್ತಾರೆ. ಇದು ಕಾನೂನಿಗೂ ಧರ್ಮಕ್ಕೂ ವಿರುದ್ಧ.

1956ರ ಹಿಂದೂ ಉತ್ತರಾಧಿಕಾರ ಕಾನೂನು ತನ್ನ ಎರಡನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಹೇಳಿದೆ. ಅದು ನಮ್ಮ ಕುಟುಂಬಗಳಿಗೂ ಅನ್ವಯಿಸುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು. ಇಡೀ ದೇಶಕ್ಕೆ ಅದು 2005ರಲ್ಲಿ ಬಂದಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಬಂಧನೆಯಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಪಹಣಿಯಲ್ಲಿ ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಅಳಿಸಿಹೋಗುವುದಿಲ್ಲ. ಮರೆಮಾಚಿ ಬರೆಸಿದ ಖಾತೆ ಮುಂದೊಂದು ದಿನ ನ್ಯಾಯಾಲಯದ ಕಟ್ಟೆ ಹತ್ತಿಸುವುದು ಖಂಡಿತ.

ಸ್ತ್ರೀಗೆ ಸಮಾನ ಸ್ಥಾನವಿತ್ತ ಶರಣ ಪರಂಪರೆ ನಮ್ಮದೆಂದು ಬಸವ ಜಯಂತಿಯ ವೇದಿಕೆಯ ಮೇಲೆ ಹೇಳುವ ನಾವು, ವಂಶವೃಕ್ಷ ಬರೆಸುವಾಗ ಅದನ್ನು ಮರೆಯಬಾರದು. ಮಗಳು ತನ್ನ ಪಾಲನ್ನು ಪ್ರೀತಿಯಿಂದ ಅಣ್ಣತಮ್ಮಂದಿರಿಗೆ ಬಿಟ್ಟುಕೊಡಬಯಸಿದರೆ ಅದಕ್ಕೆ ನೋಂದಾಯಿತ ಹಕ್ಕುಬಿಡುಗಡೆ ಪತ್ರದ ದಾರಿಯಿದೆ. ಅದು ಆಕೆಯ ಇಷ್ಟ. ಆಕೆಯನ್ನು ಕೇಳದೆಯೇ ಹೆಸರು ಬಿಡುವುದು ಬೇರೆ ಮಾತು.

ಕುಟುಂಬಗಳು ಮಾಡಬೇಕಾದುದು

ಮೊದಲನೆಯದಾಗಿ, ಪ್ರತಿಯೊಂದು ಮನೆಯವರೂ ವರ್ಷಕ್ಕೊಮ್ಮೆಯಾದರೂ ತಮ್ಮ ಜಮೀನಿನ ಪಹಣಿಯನ್ನು ತೆಗೆಸಿ ಓದಬೇಕು. ಒಂಬತ್ತನೆಯ ಅಂಕಣದಲ್ಲಿ ಮಾಲೀಕರ ಹೆಸರು ಮತ್ತು ವಿಸ್ತೀರ್ಣ, ಹತ್ತರಲ್ಲಿ ಹಕ್ಕು ಬಂದ ಬಗೆ, ಹನ್ನೊಂದರಲ್ಲಿ ಋಣ, ಹನ್ನೆರಡರಲ್ಲಿ ಬೆಳೆ ಇರುತ್ತವೆ. ತೀರಿಸಿದ ಸಾಲ ಹನ್ನೊಂದರಲ್ಲಿ ಹಾಗೆಯೇ ಉಳಿದಿದ್ದರೆ ಬ್ಯಾಂಕಿನ ಋಣಮುಕ್ತಿ ಪತ್ರ ತಂದು ತೆಗೆಸಬೇಕು. ಕೈಬರೆಹದ ವಹಿಯಿಂದ ಯಂತ್ರಕ್ಕೆ ಏರಿಸುವಾಗ ಹಳೆಯ ತಪ್ಪುಗಳೂ ಏರಿರಬಹುದು. ಹೆಸರಿನ ಒಂದು ಅಕ್ಷರವನ್ನೂ ಉಪೇಕ್ಷಿಸಬಾರದು.

ಎರಡನೆಯದಾಗಿ, ಮನೆಯಲ್ಲಿ ಹಿರಿಯರು ತೀರಿಕೊಂಡ ವರ್ಷದೊಳಗೆ ಪೌತಿ ಖಾತೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್, ಪಹಣಿ ಇವುಗಳೊಡನೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಕೂಡಲೇ ಪಾಲು ಮಾಡಿಕೊಳ್ಳಬೇಕಾಗಿಲ್ಲ. ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆಯಾಗುತ್ತದೆ. ಪಾಲು ಬೇಕಾದಾಗ ಅಳತೆಯ ನಕ್ಷೆ ಮಾಡಿಸಿ ವಿಭಾಗಪತ್ರವನ್ನು ನೋಂದಾಯಿಸಬಹುದು.

ಮೂರನೆಯದಾಗಿ, ಅರ್ಜಿಯ ಸಕಾಲ ಸಂಖ್ಯೆಯನ್ನು ಪಡೆದು ಜೋಪಾನ ಮಾಡಬೇಕು. ಗೊತ್ತಾದ ದಿನಕ್ಕೆ ಉತ್ತರ ಬಾರದಿದ್ದರೆ ಮೇಲ್ಮನವಿಗೆ ಅದೇ ಆಧಾರ. ಆಧಾರ್ ಸಂಖ್ಯೆ, ಗುಪ್ತಸಂಖ್ಯೆಗಳನ್ನು ಕಂಡಕಂಡವರಿಗೆ ಹೇಳಬಾರದು. ಸಿಕ್ಕಸಿಕ್ಕಲ್ಲಿ ಹೆಬ್ಬೆಟ್ಟು ಒತ್ತಬಾರದು. ಯಂತ್ರದ ಕಾಲದಲ್ಲಿ ವಂಚನೆಯೂ ಯಂತ್ರದ ಮೂಲಕವೇ ಬರುತ್ತದೆ.

ಇದೆಲ್ಲವನ್ನೂ ಮಾಡಬಲ್ಲವರು ಮೊಬೈಲ್ ಹಿಡಿದು ಓಡಾಡುವ ನಮ್ಮ ಯುವಕ ಯುವತಿಯರು. ಅಕ್ಷರ ಬಾರದ ಅಜ್ಜಿ, ಆಸರೆಯಿಲ್ಲದ ವಿಧವೆ, ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದ ಕೂಲಿಯವರು ನಮ್ಮ ಓಣಿಯಲ್ಲಿಯೇ ಇದ್ದಾರೆ. ತಿಂಗಳಿಗೊಂದು ಭಾನುವಾರ ಮಠದ ಜಗುಲಿಯ ಮೇಲೋ ಬಸವ ಭವನದಲ್ಲೋ ಕುಳಿತು, ಜಾತಿಭೇದವೆಣಿಸದೆ, ಬಂದವರ ಪಹಣಿಯನ್ನು ಓದಿ ಹೇಳಿ ಅರ್ಜಿ ಬರೆದುಕೊಟ್ಟರೆ ಅದೂ ದಾಸೋಹವೇ.

ಉಪಸಂಹಾರ

ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರದ ಹೊಣೆ ಹೊತ್ತವರು; ರಾಜ್ಯದ ಲೆಕ್ಕವನ್ನು ಶುದ್ಧವಾಗಿಡುವುದನ್ನೂ ಕಾಯಕವೆಂದು ತಿಳಿದವರು. ಅವರ ಸಮಕಾಲೀನಳಾದ ಆಯ್ದಕ್ಕಿ ಲಕ್ಕಮ್ಮ, ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದು ಬನ್ನಿರೆಂದು ಕಳುಹಿದಳು. ನಾಡಕಚೇರಿಯಲ್ಲಿ ಕುಳಿತ ನೌಕರರಿಗೂ, ಅದರ ಹೊರಗೆ ಸಾಲಿನಲ್ಲಿ ನಿಂತ ನಮಗೂ ಈ ಎರಡು ಬಾಳುಗಳು ಸಾಲದೆ? ನೌಕರರು ಸರದಿಯನ್ನು ಮೀರದಿರಲಿ. ನಾವು ಸರದಿ ತಪ್ಪಿಸಲು ನೋಟು ಚಾಚದಿರೋಣ. ಅಣ್ಣತಮ್ಮಂದಿರು ತಂಗಿಯ ಪಾಲಿನ ಅಕ್ಕಿಯನ್ನು ತಮ್ಮ ಕಣಜಕ್ಕೆ ಸುರಿದುಕೊಳ್ಳದಿರಲಿ.

ಓದುಗ ಬಂಧುಗಳು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಪೆಟ್ಟಿಗೆಯಲ್ಲಿರುವ ಪಹಣಿಯನ್ನೊಮ್ಮೆ ಹೊರತೆಗೆದು, ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರು ಇರಬೇಕಾಗಿತ್ತು ಎಂಬುದನ್ನು ಮನೆಯವರೆಲ್ಲರೂ ಕೂಡಿ ನೋಡಬೇಕೆಂದು ನಮ್ಮ ವಿನಂತಿ.