ಹೊರೆ, ಭಾರ, ಬರ್ಡನ್

ಭಾರವೆಂದರೇನು ಎಂಬುದನ್ನು ಜತ್ತ ತಾಲೂಕಿನ ಮಕ್ಕಳಿಗೆ ಪಾಠ ಮಾಡಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ದೂರದಿಂದ ತುಂಬಿದ ಕೊಡ ಹೊತ್ತು ತರುವವರು, ಹೊಲದಿಂದ ಕಣಿಕೆಯ ಹೊರೆ ತರುವವರು ನಮ್ಮ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಆದರೆ ಅದೇ ಭಾರಕ್ಕೆ ಇಂಗ್ಲೀಷಿನಲ್ಲಿ ಏನೆನ್ನಬೇಕೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ವೇಟ್, ಲೋಡ್, ಬರ್ಡನ್ ಎಂದು ಒಂದೇ ಉಸಿರಿನಲ್ಲಿ ಹೇಳಿ, ಯಾವುದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತುಬಿಡುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆ ಕಚೇರಿಗಳಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲೀಷು, ಹೀಗೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಪದಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸುವುದಕ್ಕಿಂತ, ಮೂರೂ ಭಾಷೆಗಳನ್ನು ಒಂದರ ಪಕ್ಕಕ್ಕೆ ಒಂದಿಟ್ಟು ತೋರಿಸುವುದು ಲೇಸೆಂದು ನಾವು ಭಾವಿಸುತ್ತೇವೆ.

ಮೊದಲು ಬರ್ಡನ್ ಪದವನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ 'ಹೊರು' ಎಂಬ ಕ್ರಿಯಾಪದದಿಂದ 'ಹೊರೆ' ಬಂತು. ಇಂಗ್ಲೀಷಿನಲ್ಲಿ ಹೊರು ಎಂಬುದಕ್ಕೆ ಬೇರ್ ಎನ್ನುತ್ತಾರೆ. ಬರ್ಡನ್ ಎಂಬುದು ಆ ಬೇರ್‌ನ ಸಂಬಂಧಿ. ಸಂಸ್ಕೃತದಲ್ಲಿ 'ಭೃ' ಎಂಬ ಧಾತುವಿನಿಂದ 'ಭಾರ' ಬಂತು. ಇನ್ನೊಂದು ಸೋಜಿಗವೆಂದರೆ ಈ 'ಭೃ' ಮತ್ತು ಆ 'ಬೇರ್' ಒಂದೇ ಬೇರಿನ ಎರಡು ಚಿಗುರುಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಒಡೆದು ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸರು ಕಲಕತ್ತೆಯಲ್ಲಿ 1786ರಲ್ಲಿ ಹೇಳಿದರು. ಇಂಗ್ಲೀಷಿನ ಮೂಲವೂ ಅದೇ ಕುಟುಂಬಕ್ಕೆ ಸೇರುತ್ತದೆ. ಆದುದರಿಂದ ನಮ್ಮ ಬಾಯಲ್ಲಿ ದಿನನಿತ್ಯ ಓಡಾಡುವ 'ಭಾರ' ಎಂಬ ಪದ ಇಂಗ್ಲೀಷಿನ ಬರ್ಡನ್‌ಗೆ ದಾಯಾದಿಯಾಗಬೇಕು. ಕನ್ನಡದ 'ಹೊರೆ' ಬೇರೆ ಕುಟುಂಬದ್ದು, ದ್ರಾವಿಡದ್ದು. ಆದರೂ ಪದ ಕಟ್ಟಿದ ಬಗೆ ಒಂದೇ. ಬೇರ್ ಎಂಬುದಕ್ಕೆ ಹೊರು, ತಾಳಿಕೋ, ಹೆರು ಎಂಬ ಮೂರು ಅರ್ಥಗಳೂ ಇವೆ. ನಮ್ಮ ಹಿರಿಯರು ತಾಯಿಯನ್ನು 'ಹೊತ್ತು ಹೆತ್ತವಳು' ಎನ್ನುವುದನ್ನು ನೆನೆದರೆ ಆ ಮೂರೂ ಅರ್ಥ ಒಂದೇ ಪದದೊಳಗೆ ಏಕೆ ಕುಳಿತವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂದಿನ ಇಂಗ್ಲೀಷಿನಲ್ಲಿ ಬರ್ಡನ್ ಹೆಚ್ಚಾಗಿ ಮನಸ್ಸಿನ ಹೊರೆ, ಸಾಲದ ಹೊರೆ, ಹೊಣೆಯ ಹೊರೆ. ಟ್ರ್ಯಾಕ್ಟರಿನಲ್ಲಿ ತುಂಬಿದ ಕಬ್ಬಿಗೆ ಬರ್ಡನ್ ಎಂದು ಬರೆದರೆ ನಗೆಪಾಟಲಾಗುತ್ತದೆ, ಅದು ಲೋಡ್. ಲೋಡ್ ಪದದ ಕಥೆಯೂ ಸ್ವಾರಸ್ಯವಾಗಿದೆ. ಹಳೆಯ ಇಂಗ್ಲೀಷಿನಲ್ಲಿ ಅದಕ್ಕೆ ದಾರಿ, ಪ್ರಯಾಣ ಎಂಬ ಅರ್ಥವಿತ್ತು. ದಾರಿ ತೋರುವ ಧ್ರುವನಕ್ಷತ್ರಕ್ಕೆ ಇಂದಿಗೂ ಲೋಡ್‌ಸ್ಟಾರ್ ಎನ್ನುತ್ತಾರೆ. ದಾರಿಯುದ್ದಕ್ಕೂ ಸಾಗಿಸುವ ಸರಕಿಗೆ ಬರಬರುತ್ತಾ ಆ ಹೆಸರು ಅಂಟಿಕೊಂಡಿತು. ಕರೆಂಟು ಹೋದಾಗ ನಮ್ಮ ಹಳ್ಳಿಯ ಅಜ್ಜಿಯರೂ 'ಲೋಡಶೆಡ್ಡಿಂಗ' ಎನ್ನುತ್ತಾರಲ್ಲ, ಅಲ್ಲಿಯೂ ಇದೇ ಲೋಡ್: ವಿದ್ಯುತ್ ಜಾಲಕ್ಕೆ ತಡೆಯಲಾರದಷ್ಟು ಹೊರೆಯಾದಾಗ ಸ್ವಲ್ಪ ಕೆಳಗಿಳಿಸುವುದು. (ಹಿಂದಿಯ 'ಲಾದನಾ' ಎಂಬ ಪದ ಕಿವಿಗೆ ಲೋಡ್‌ನಂತೆಯೇ ಕೇಳುತ್ತದೆ, ಆದರೆ ಅವೆರಡಕ್ಕೂ ಸಂಬಂಧವಿಲ್ಲ. ಕೇಳಲು ಒಂದೇ ಎನಿಸಿದ್ದೆಲ್ಲ ಬಳಗವಲ್ಲ.)

ಲಗೇಜು ನಮ್ಮ ಎಸ್‌.ಟಿ. ಬಸ್ಸಿನವರಿಗೆ ಗೊತ್ತು, ಲಗ್ ಎಂದರೆ ಕಷ್ಟಪಟ್ಟು ಎಳೆಯುವುದು. ಕಾರ್ಗೋ ಸ್ಪ್ಯಾನಿಷ್ ಭಾಷೆಯಿಂದ ಬಂದದ್ದು. ಆ ಕಾರ್ಗೋವಿನ ಅಣ್ಣನೇ ಚಾರ್ಜ್! ಲ್ಯಾಟಿನ್ನಿನಲ್ಲಿ ಬಂಡಿಗೆ ಹೇರುವುದು ಎಂಬ ಅರ್ಥದ ಒಂದು ಪದದಿಂದ ಇವೆರಡೂ ಹುಟ್ಟಿವೆ. ಹೊಸ ಮುಖ್ಯಾಧ್ಯಾಪಕರು ಚಾರ್ಜ್ ತೆಗೆದುಕೊಂಡರು ಎಂದಾಗ ಅವರು ಒಂದು ಹೊರೆಯನ್ನೇ ತಲೆಗೇರಿಸಿಕೊಂಡರೆಂದು ಅರ್ಥ. ನಾವು 'ಪ್ರಭಾರ', 'ಕಾರ್ಯಭಾರ' ಎನ್ನುವುದಿಲ್ಲವೆ? ಮರಾಠಿಯ ಸಭೆಗಳಲ್ಲಿ ಕೊನೆಗೆ ನಡೆಯುವ 'ಆಭಾರ ಪ್ರದರ್ಶನ'ದಲ್ಲಿಯೂ ಭಾರವಿದೆ. ಉಪಕಾರವೂ ಒಂದು ಹೊರೆ ಎಂಬುದನ್ನು ಮರೆಯದ ಭಾಷೆಯದು.

ಇನ್ನು ಪಾಲಕರು ಗಮನಿಸಬೇಕಾದ ಪದ ಬೋಜಾ. ನಮ್ಮ ಜಮೀನಿನ ಸಾತಬಾರಾ ಉತಾರೆ ಎಂಬುದು ಗ್ರಾಮ ನಮೂನೆ 7 ಮತ್ತು 12 ಸೇರಿದ ಕಾಗದ. ಸೊಸೈಟಿಯಿಂದಲೋ ಬ್ಯಾಂಕಿನಿಂದಲೋ ಸಾಲ ತೆಗೆದಾಗ ಅದರ 'ಇತರ ಅಧಿಕಾರ' ಎಂಬ ಕಾಲಮಿನಲ್ಲಿ ಬೋಜಾ ಏರುತ್ತದೆ. ಸಾಲ ತೀರಿದ ಮೇಲೆ ಅದನ್ನು ಇಳಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಇದನ್ನೇ 'ಋಣಭಾರ' ಎಂದು ಕರೆಯುತ್ತಾರೆ. ಇಂಗ್ಲೀಷಿನಲ್ಲಿ ಎನ್‌ಕಂಬ್ರನ್ಸ್. ಆ ಪದದ ಮೂಲದಲ್ಲಿರುವುದು ಹಳೆಯ ಫ್ರೆಂಚಿನ ಒಂದು ಮಾತು; ಹೊಳೆಗೆ ಅಡ್ಡಲಾಗಿ ಹಾಕಿದ ಒಡ್ಡು ಎಂದು ಅದರ ಅರ್ಥ. ಮರಾಠಿಯವರಿಗೆ ಸಾಲ ಹೊಲದ ಬೆನ್ನ ಮೇಲಿನ ಮೂಟೆಯಾಗಿ ಕಂಡರೆ, ಫ್ರೆಂಚರಿಗೆ ಹರಿಯುವ ನೀರಿಗೆ ಬಿದ್ದ ಅಡ್ಡಿಯಾಗಿ ಕಂಡಿತು. ಸಾಲ ತೀರಿಸಿಯೂ ಕಾಗದದ ಮೇಲೆ ಬೋಜಾ ಹಾಗೆಯೇ ಉಳಿದರೆ ಮುಂದೆ ಹೊಲ ಮಾರುವಾಗ, ಪಾಲಾಗುವಾಗ, ಹೊಸ ಸಾಲ ಕೇಳುವಾಗ ತೊಡಕಾಗುತ್ತದೆ. ಮಕ್ಕಳಿಂದ ಮನೆಯ ಉತಾರೆಯನ್ನು ಒಮ್ಮೆ ಓದಿಸಿ ನೋಡಿರಿ.

ಇದಕ್ಕಿಂತಲೂ ನೋವಿನ ಪದ 'ಉಚಲ'. ಮರಾಠಿಯಲ್ಲಿ ಅದಕ್ಕೆ ಎತ್ತಿಕೊಳ್ಳುವುದು ಎಂದರ್ಥ. ಕಬ್ಬು ಕಡಿಯಲು ಹೋಗುವವರು ಮುಕಾದಮನಿಂದ ಮುಂಗಡ ಹಣ ಎತ್ತುತ್ತಾರೆ, ಅದೇ ಉಚಲ. ಗಂಡಹೆಂಡಿರಿಬ್ಬರೂ ಸೇರಿ ಒಂದು 'ಕೊಯತಾ' ಎಂದು ಲೆಕ್ಕ. ಎತ್ತಿದ ಹಣವನ್ನು ತೀರಿಸಲು ಆಮೇಲೆ ಕಬ್ಬಿನ ಕಟ್ಟನ್ನು, ಅಂದರೆ ಮೋಳಿಯನ್ನು, ತಲೆಯ ಮೇಲೆತ್ತಿ ಹಲಗೆಯೇರಿ ಟ್ರಕ್ಕಿಗೆ ತುಂಬಬೇಕು. ಒಂದೇ ಪದದಲ್ಲಿ ಎರಡು ಎತ್ತುವಿಕೆ! ಈ ಹೊರೆಯ ಒಂದು ತುದಿ ಮಕ್ಕಳ ಮೇಲೂ ಬೀಳುತ್ತದೆ. ದೀಪಾವಳಿಯ ರಜೆ ಮುಗಿದ ಮೇಲೆ ತರಗತಿಯಲ್ಲಿ ಯಾವ ಬೆಂಚುಗಳು ಖಾಲಿ ಉಳಿಯುತ್ತವೆಂದು ಶಿಕ್ಷಕರಿಗೆ ಗೊತ್ತು. ಅಜ್ಜ ಅಜ್ಜಿಯರ ಬಳಿ ಮಕ್ಕಳನ್ನು ಬಿಟ್ಟು ಹೋಗುವ ಪಾಲಕರ ಬಗ್ಗೆ ನಮಗೆ ಗೌರವವಿದೆ. ಹಾಗೆ ಬಿಡಲು ಮನೆಯಲ್ಲಿ ಯಾರೂ ಇಲ್ಲದವರ ಕಷ್ಟವೂ ನಮಗೆ ತಿಳಿಯದುದಲ್ಲ.

ಮಕ್ಕಳ ಪಾಟೀಚೀಲದ ಭಾರದ ಬಗ್ಗೆಯೂ ಎರಡು ಮಾತು. ಕಾದಂಬರಿಕಾರ ಆರ್‌.ಕೆ. ನಾರಾಯಣರು ರಾಜ್ಯಸಭೆಯಲ್ಲಿ ಈ ವಿಷಯವನ್ನೆತ್ತಿ ಮಾತನಾಡಿದ್ದರು. ಮುಂದೆ ಪ್ರೊ. ಯಶಪಾಲರ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಅದರ ಹೆಸರಿನಲ್ಲಿಯೇ ಬರ್ಡನ್ ಪದವಿದೆ: 'ಲರ್ನಿಂಗ್ ವಿದೌಟ್ ಬರ್ಡನ್'. ಚೀಲದ ತೂಕಕ್ಕಿಂತ, ತಿಳಿಯದೆ ಓದುವುದರ ಭಾರವೇ ಹೆಚ್ಚು ಕೆಟ್ಟದ್ದೆಂದು ಆ ಸಮಿತಿ ಹೇಳಿತು. ಕೇಂದ್ರ ಸರಕಾರದ 2020ರ ನೀತಿಯಂತೆ ಚೀಲದ ತೂಕ ಮಗುವಿನ ದೇಹತೂಕದ ನೂರಕ್ಕೆ 10ನ್ನು ಮೀರಬಾರದು. 40 ಕಿಲೋ ತೂಗುವ ಹುಡುಗನಿಗೆ 4 ಕಿಲೋ. ಇದನ್ನು ತಕ್ಕಡಿಯಲ್ಲಿ ತೂಗಬಹುದು, ಮೊದಲನೆಯದನ್ನು ತೂಗಲು ತಕ್ಕಡಿಯಿಲ್ಲ.

ಅಂದ ಹಾಗೆ, ಛಂದಸ್ಸಿನಲ್ಲಿ ನೀವು ಕಲಿಯುವ 'ಗುರು' ಎಂದರೂ ಭಾರವಾದುದು ಎಂದೇ ಅರ್ಥ. ಇಂಗ್ಲೀಷಿನ ಗ್ರ್ಯಾವಿಟಿಯ ಲ್ಯಾಟಿನ್ ಮೂಲವೂ ಈ ಗುರುವಿನ ಬಂಧುವೇ. ಶಿಕ್ಷಕರು ತರಗತಿಗೆ ಬಂದಾಗ ಕೆಲವರ ಮುಖ ಭಾರವಾಗುವುದಕ್ಕೆ ವ್ಯಾಕರಣದ ಆಧಾರವೂ ಇದೆಯೆಂದಾಯಿತು!

ಹೊರೆ, ಹೇರು, ಸಿವುಡು, ಪೆಂಡಿ, ಗಂಟು, ಮೂಟೆ, ಮೋಳಿ, ಓಝೆ: ನಮ್ಮ ಹಳ್ಳಿಗಳಲ್ಲಿ ಇಂಥ ಪದಗಳು ಇನ್ನೂ ಬಹಳ ಇವೆ. ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿಗೆ ಮರಾಠಿಯಲ್ಲಿ ಚುಂಬಳ ಎನ್ನುತ್ತಾರೆ. ಇಂಗ್ಲೀಷಿನಲ್ಲಿ ಹೇಳಬೇಕಾದರೆ ತಲೆಯ ಮೇಲಿಡುವ ಬಟ್ಟೆಯ ಸುರುಳಿ ಎಂದು ನಾಲ್ಕು ಮಾತಿನಲ್ಲಿ ವಿವರಿಸಬೇಕಾಗುತ್ತದೆ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಿ ಇಂಥ ಪದಗಳನ್ನು ಬರೆದು ತಂದರೆ, ಯಾವ ಊರಿನಲ್ಲಿ ಯಾವುದಕ್ಕೆ ಹಾಗೆನ್ನುತ್ತಾರೆಂಬುದನ್ನೂ ಜೊತೆಗೆ ಬರೆದಿರಲಿ.