ಮೇಲ್ದವಡೆಗೆ ಎಲುಬು ತುಂಬುವುದು: ಜತ್ತ ಭಾಗದ ರೋಗಿಗೆ ಹೇಳಬೇಕಾದದ್ದು

ಮೇಲಿನ ದವಡೆಹಲ್ಲು ಕಿತ್ತ ಮ್ಯಾಲೆ ಎಲುಬು ಎರಡೂ ಕಡೆ ಸವೀತದ. ಕೆಳಗಿಂದ ಅದು ಕರಗುತ್ತದೆ, ಮೇಲಿಂದ ಸೈನಸ್ಸಿನ ಗಾಳಿಗೂಡು ಇಳಿಯುತ್ತದೆ. ಉಳಿದದ್ದು ಸುಮಾರು 5 ಮಿ.ಮೀ.ಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಪಕ್ಕದಲ್ಲಿ ಕಿಟಕಿ ಕೊರೆದು, ಮೊಟ್ಟೆಯ ಒಳಪೊರೆಯಂಥ ತೆಳು ಪೊರೆ ಹರಿಯದಂತೆ ಎತ್ತಿ, ಎಲುಬಿನ ಪುಡಿ ತುಂಬುತ್ತಾರೆ. 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಪ್ರಕಟಿಸಿದ ವಿಧಾನದಲ್ಲಿ ರೋಗಿಯ ಸೊಂಟದ ಎಲುಬು ಬಳಸಿದ್ದರು. ಈಗ ದನದ ಎಲುಬಿನಿಂದ ತಯಾರಿಸಿದ ಪುಡಿಯೂ ಬಳಕೆಯಲ್ಲಿದೆ. ಇದನ್ನ ಮೊದಲೇ ಹೇಳ್ರಿ, ಎಲ್ಲರಿಗೂ ಒಪ್ಪಿಗೆಯಾಗಂಗಿಲ್ಲ. ಬೇರೆ ಪುಡಿಗಳೂ ಅದಾವ.

ಇಂಪ್ಲಾಂಟಿಗೆ ಮುನ್ನ ಆರು ತಿಂಗಳಾದರೂ ಕಾಯಬೇಕಾಗಬಹುದು. ಉಮದಿಯಿಂದ ವಿಜಯಪುರಕ್ಕೋ ಮಿರಜಕ್ಕೋ ಬರೋರಿಗೆ ಪ್ರತಿ ಭೇಟಿ ಅಂದ್ರ ಒಂದು ದಿನದ ಕೂಲಿ. ತಂಬಾಕು ಬಿಡದಿದ್ದರೆ ಗಾಯ ಮಾಯುವುದೂ ತಡ. ಅಂಥವರಿಗೆ ನಾನಂತೂ ತೆಗೆದುಹಾಕುವ ಹಲ್ಲಿನ ಸೆಟ್ಟನ್ನೇ ಮೊದಲು ಹೇಳುತ್ತೇನೆ.