ಮೈದಾನದಿಂದ ಕೋರ್ಟಿಗೆ, ಕೋರ್ಟಿನಿಂದ ರಂಗಭೂಮಿಗೆ: ಪಾಲ್ ರೋಬ್ಸನ್‌ನ ಬಾಗಿಲುಗಳನ್ನು ಮುಚ್ಚಿದ್ದು ಯಾರು?

ಫುಟ್‌ಬಾಲ್ ತಾರೆ, ವಕೀಲ, ಗಾಯಕ, ನಟ, ಹೋರಾಟಗಾರ. ಅಮೆರಿಕದ ಪಾಲ್ ರೋಬ್ಸನ್ (1898–1976) ಬಗ್ಗೆ ಬರೆಯುವವರು ಈ ಪಟ್ಟಿ ಕೊಟ್ಟು, ‘ಬಹುಮುಖ ಪ್ರತಿಭೆ’ ಅಂತ ಹೇಳಿ ಮುಗಿಸಿಬಿಡ್ತಾರೆ. ನನಗೆ ಆ ಪದದ ಮೇಲೇ ತಕರಾರು. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಅದು ನನ್ನ ಆಯ್ಕೆ, ಯಾರೂ ನನ್ನನ್ನು ಹೊರಗೆ ದಬ್ಬಿರಲಿಲ್ಲ. ರೋಬ್ಸನ್ ಕೆಲಸ ಬದಲಿಸಿದ ಒಂದೊಂದು ಸಲವೂ ಏನಾಯ್ತು ಅಂತ ನೋಡಿದ್ರೆ ಬೇರೆಯೇ ಕಥೆ ಕಾಣುತ್ತೆ.

ಮೊದಲ ದಿನವೇ ಮುರಿದ ಮೂಗು

ರೋಬ್ಸನ್ ತಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪಾದ್ರಿಯಾದವರು. ಮಗ 1915ರಲ್ಲಿ ಸ್ಕಾಲರ್‌ಶಿಪ್ ಗೆದ್ದು ನ್ಯೂಜೆರ್ಸಿಯ ರಟ್ಗರ್ಸ್ ಕಾಲೇಜು ಸೇರಿದ. ಆಗ ಅಲ್ಲಿದ್ದ ಕಪ್ಪು ವಿದ್ಯಾರ್ಥಿ ಅವನೊಬ್ಬನೇ. ಫುಟ್‌ಬಾಲ್ ಅಂದ್ರೆ ಇಲ್ಲಿ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡವುವ ಅಮೆರಿಕನ್ ಆಟ. ಆಯ್ಕೆಯ ಅಭ್ಯಾಸದಲ್ಲೇ ಬಿಳಿಯ ಆಟಗಾರರು ಅವನ ಮೂಗು ಮುರಿದರು, ಭುಜ ತಪ್ಪಿಸಿದರು. ಅವನು ವಾಪಸ್ ಬಂದ.

1916ರಲ್ಲಿ ವಾಷಿಂಗ್ಟನ್ ಅಂಡ್ ಲೀ ತಂಡ, ಕಪ್ಪು ಆಟಗಾರನಿದ್ದರೆ ಆಡಲ್ಲ ಅಂತು. ರಟ್ಗರ್ಸ್ ತನ್ನ ಆಟಗಾರನನ್ನೇ ಹೊರಗೆ ಕೂರಿಸಿತು. ಆದರೂ 1917 ಮತ್ತು 1918ರಲ್ಲಿ ವಾಲ್ಟರ್ ಕ್ಯಾಂಪ್ ಆರಿಸಿದ ‘ಆಲ್-ಅಮೆರಿಕ’ ತಂಡದಲ್ಲಿ ರೋಬ್ಸನ್ ಹೆಸರಿತ್ತು. ಆ ಕಾಲಕ್ಕೆ ಕಾಲೇಜು ಆಟಗಾರನಿಗೆ ಇದಕ್ಕಿಂತ ದೊಡ್ಡ ಗೌರವ ಇರಲಿಲ್ಲ. 1919ರಲ್ಲಿ ತರಗತಿಗೇ ಮೊದಲಿಗನಾಗಿ ಪದವಿ ಭಾಷಣ ಮಾಡಿದ.

ವಕೀಲಿಕೆ ಬಿಟ್ಟಿದ್ದೇಕೆ?

ಮುಂದೆ ಕೊಲಂಬಿಯಾದಲ್ಲಿ ಕಾನೂನು ಓದು. ಫೀಸಿಗೆ ಹಣ ಬೇಕಲ್ಲ? ವಾರಾಂತ್ಯಗಳಲ್ಲಿ ಆಕ್ರಾನ್, ಮಿಲ್ವಾಕೀ ತಂಡಗಳಿಗೆ ವೃತ್ತಿಪರ ಫುಟ್‌ಬಾಲ್ ಆಡಿದ. 1923ರಲ್ಲಿ ಡಿಗ್ರಿ ಬಂತು, ನ್ಯೂಯಾರ್ಕಿನಲ್ಲಿ ಕೆಲಸವೂ ಸಿಕ್ಕಿತು. ಆದರೆ ಆಫೀಸಿನ ಬಿಳಿಯ ಸ್ಟೆನೋಗ್ರಾಫರ್, ಕಪ್ಪು ಮನುಷ್ಯ ಹೇಳಿದ್ದನ್ನು ಬರೆದುಕೊಳ್ಳಲ್ಲ ಅಂದಳು. ರೋಬ್ಸನ್ ವಕೀಲಿಕೆಗೇ ಕೈಮುಗಿದ.

ರಂಗಭೂಮಿಗೆ ಬಂದದ್ದು ಹೀಗೆ. ಯೂಜೀನ್ ಓನೀಲ್ ನಾಟಕಗಳು, 1928ರಲ್ಲಿ ಲಂಡನ್ನಿನಲ್ಲಿ ‘ಶೋ ಬೋಟ್’, 1930ರಲ್ಲಿ ಅಲ್ಲೇ ‘ಒಥೆಲೊ’. 1943ರಲ್ಲಿ ಶುರುವಾದ ಬ್ರಾಡ್‌ವೇ ‘ಒಥೆಲೊ’ 296 ಪ್ರದರ್ಶನ ಕಂಡಿತು. ‘ಶೋ ಬೋಟ್’ನ ‘ಓಲ್ ಮ್ಯಾನ್ ರಿವರ್’ ಹಾಡನ್ನು ಅವನು ವರ್ಷಗಳ ಕಾಲ ಹಾಡಿದ. ಹಾಡ್ತಾ ಹಾಡ್ತಾ ಸಾಲುಗಳನ್ನೇ ತಿದ್ದಿದ. ಸೋತವನ ನಿಟ್ಟುಸಿರು ಹೋರಾಡುವವನ ಮಾತಾಯ್ತು. ಕೊಲಂಬಿಯಾದಲ್ಲಿ ಓದುವಾಗ ರೋಬ್ಸನ್‌ನ ಒಡನಾಟ ಕಂಡ ಭೂಪೇನ್ ಹಜಾರಿಕಾ ಅದೇ ಹಾಡಿನ ಪ್ರೇರಣೆಯಿಂದ ಬ್ರಹ್ಮಪುತ್ರೆಯನ್ನು ಪ್ರಶ್ನಿಸುವ ಅಸ್ಸಾಮಿ ಹಾಡು ಕಟ್ಟಿದರು. ಹಿಂದಿಯಲ್ಲಿ ಗಂಗೆಯನ್ನು ಕೇಳುವ ಹಾಡಾಗಿ ನಾವೂ ಅದನ್ನು ಕೇಳಿದ್ದೀವಿ.

ಪಾಸ್‌ಪೋರ್ಟ್ ಅನ್ನೋ ಬೀಗ

ಜನಾಂಗೀಯ ದ್ವೇಷದ ವಿರುದ್ಧ, ಕಾರ್ಮಿಕರ ಪರ, ಸೋವಿಯತ್ ಒಕ್ಕೂಟದ ಪರ ರೋಬ್ಸನ್ ಬಹಿರಂಗವಾಗಿ ಮಾತಾಡ್ತಿದ್ದ. ಶೀತಲ ಸಮರದ ಅಮೆರಿಕಕ್ಕೆ ಅಷ್ಟು ಸಾಕಿತ್ತು. 1949ರಲ್ಲಿ ಪೀಕ್‌ಸ್ಕಿಲ್ ಕಛೇರಿಗೆ ಬಂದವರ ಮೇಲೆ ಕಲ್ಲು ತೂರಿದರು. 1950ರಲ್ಲಿ ಸರ್ಕಾರ ಪಾಸ್‌ಪೋರ್ಟ್ ರದ್ದು ಮಾಡಿತು. ಒಳಗೆ ಸಭಾಂಗಣಗಳು ಸಿಗುತ್ತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ. ಒಬ್ಬ ಗಾಯಕನನ್ನು ಜೈಲಿಗೆ ಹಾಕದೆಯೇ ಸುಮ್ಮನಾಗಿಸುವ ವಿಧಾನ ಇದು.

ಅವನು ಸುಮ್ಮನಾಗಲಿಲ್ಲ. 1952ರಲ್ಲಿ ಕೆನಡಾ ಗಡಿಯಲ್ಲಿ ಲಾರಿ ಮೇಲೆ ನಿಂತು ಆಚೆ ಕಡೆಯವರಿಗೂ ಕೇಳುವಂತೆ ಹಾಡಿದ. 1957ರಲ್ಲಿ ವೇಲ್ಸ್‌ನ ಗಣಿ ಕಾರ್ಮಿಕರಿಗೆ ಅಟ್ಲಾಂಟಿಕ್ ದಾಟಿದ ಟೆಲಿಫೋನ್ ಕೇಬಲ್ ಮೂಲಕ ಹಾಡಿದ. 1956ರಲ್ಲಿ ಸಂಸತ್ತಿನ ಸಮಿತಿ, ರಷ್ಯಾದಲ್ಲೇ ಯಾಕೆ ಉಳೀಲಿಲ್ಲ ಅಂತ ಕೇಳಿತು. ನನ್ನಪ್ಪ ಗುಲಾಮನಾಗಿದ್ದ, ನನ್ನ ಜನ ಸತ್ತು ಕಟ್ಟಿದ ದೇಶ ಇದು, ಇದರಲ್ಲಿ ನನಗೂ ಪಾಲಿದೆ ಅಂತ ಉತ್ತರಿಸಿದ. ಆ ಪ್ರಶ್ನೆಯ ಧಾಟಿ ನಮಗೂ ಅಪರಿಚಿತವೇನಲ್ಲ.

ಸ್ಟಾಲಿನ್ ಕಾಲದ ದೌರ್ಜನ್ಯಗಳ ಬಗ್ಗೆ ಅವನು ಬಾಯಿ ಬಿಡಲಿಲ್ಲ ಅನ್ನೋ ಟೀಕೆ ಇದೆ. ಸರಿಯಾದ ಟೀಕೆಯೇ. ಆದರೆ ತಪ್ಪು ಅಭಿಪ್ರಾಯಕ್ಕೆ ಉತ್ತರ ವಾದ, ಬೀಗವಲ್ಲ. 1958ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ, ರಾಜಕೀಯ ನಂಬಿಕೆ ನೋಡಿ ಪಾಸ್‌ಪೋರ್ಟ್ ನಿರಾಕರಿಸುವ ಅಧಿಕಾರ ವಿದೇಶಾಂಗ ಸಚಿವರಿಗಿಲ್ಲ ಅಂತು. ಆಗ ರೋಬ್ಸನ್‌ಗೂ ಪಾಸ್‌ಪೋರ್ಟ್ ವಾಪಸ್ ಬಂತು. ವಯಸ್ಸು 60 ಆಗಿತ್ತು. ಕೆಲವೇ ವರ್ಷಗಳಲ್ಲಿ ಆರೋಗ್ಯವೂ ಕೈಕೊಟ್ಟಿತು.

ಪ್ರತಿಭೆ ಇದ್ದರೆ ದಾರಿ ತಾನಾಗಿ ತೆರೆಯುತ್ತೆ ಅಂತ ನಮ್ಮ ಮಕ್ಕಳಿಗೆ ಹೇಳ್ತೀವಿ. ರೋಬ್ಸನ್‌ಗಿಂತ ಹೆಚ್ಚಿನ ಪ್ರತಿಭೆ ಯಾರಿಗಿತ್ತು? ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ತನ್ನ ಮೊದಲ ಪಟ್ಟಿ ಮಾಡಿದ್ದು 1951ರಲ್ಲಿ. ಎರಡು ಸಲ ಆಲ್-ಅಮೆರಿಕ ಆಟಗಾರನಾಗಿದ್ದ ರೋಬ್ಸನ್ ಅಲ್ಲಿಗೆ ಸೇರಿದ್ದು 1995ರಲ್ಲಿ. ಅಷ್ಟೊತ್ತಿಗೆ ಅವನು ಸತ್ತು 19 ವರ್ಷ ಆಗಿತ್ತು.